ಹಿಮ್ಮಡಿ ಗೇರ್ ಜೊತೆ ಮೂರು ವರ್ಷ, 31,000 ಕಿಲೋಮೀಟರ್

ಈ ಗಾಡಿಯ ಎಂಜಿನ್, ಮೈಲೇಜ್, ಟ್ಯಾಂಕ್ ಎಷ್ಟು ಲೀಟರ್ ಅನ್ನೋದೆಲ್ಲ ನೀವು ಆಗಲೇ ಹತ್ತು ವಿಡಿಯೋದಲ್ಲಿ ನೋಡಿರುತ್ತೀರಿ. 350 ಸಿಸಿ ಕ್ರೂಸರ್ ಬೈಕ್, ಐದು ಗೇರ್, ಅಷ್ಟು ಸಾಕು. ಕಂಪನಿ ಹೆಸರು ಬೇಡ. ನನ್ನ ತಕರಾರು ಕಂಪನಿ ಮೇಲಲ್ಲ, ಎಡಗಾಲಿನ ಹತ್ತಿರ ಇರುವ ಒಂದು ಕಬ್ಬಿಣದ ತುಂಡಿನ ಮೇಲೆ. ಒಂದು ಗೇರ್ ಲಿವರ್ ಬಗ್ಗೆ ಇಷ್ಟುದ್ದ ಬರೆಯಬೇಕಾ ಅಂತ ಮನೆಯಲ್ಲಿ ಕೇಳಿದರು. ಬರೆಯಬೇಕು. ದಿನಕ್ಕೆ ನೂರಾರು ಸಲ ನಾನು ಮುಟ್ಟೋದು ಅದನ್ನೇ.

ಗೊತ್ತಿಲ್ಲದವರಿಗೆ ಒಂದೇ ಮಾತು. ಲಿವರ್‌ಗೆ ಎರಡು ತುದಿ. ಮುಂದಿನದು ಬೆರಳಿಗೆ, ಹಿಂದಿನದು ಹಿಮ್ಮಡಿಗೆ. ಮುಂದೆ ಒತ್ತಿದರೆ ಗೇರ್ ಇಳಿಯುತ್ತದೆ, ಹಿಂದೆ ಒತ್ತಿದರೆ ಏರುತ್ತದೆ. ಹಿಂದಿನದು ಬೇಡ ಅಂದರೆ ಮುಂದಿನದನ್ನೇ ಬೆರಳಿನಿಂದ ಮೇಲಕ್ಕೆ ಎತ್ತಬಹುದು, ಆಗಲೂ ಏರುತ್ತದೆ.

ಕೇಳೋಕೆ ಸುಲಭ, ಅಲ್ವಾ? ಆದರೆ ನಾನು ಹನ್ನೊಂದು ವರ್ಷ ಸ್ಪ್ಲೆಂಡರ್ ಓಡಿಸಿದವನು. ಅದರಲ್ಲೂ ಲಿವರ್‌ಗೆ ಎರಡು ತುದಿ. ಆದರೆ ಲೆಕ್ಕ ಪೂರ್ತಿ ಉಲ್ಟಾ. ಅಲ್ಲಿ ಮುಂದೆ ಒತ್ತಿದರೆ ಏರುತ್ತದೆ, ಹಿಮ್ಮಡಿ ಒತ್ತಿದರೆ ಇಳಿಯುತ್ತದೆ. ತಲೆಗೆ ಇದನ್ನು ಒಂದು ದಿನದಲ್ಲಿ ಹೇಳಿಕೊಡಬಹುದು. ಕಾಲಿಗೆ ಹೇಳಿಕೊಡೋದು ಕಷ್ಟ.

ನಾನು ಮೈಸೂರಿನಿಂದ ನಂಜನಗೂಡಿಗೆ ದಿನಾ ಕೆಲಸಕ್ಕೆ ಹೋಗುತ್ತೇನೆ. ಮೊದಲ ವಾರ, ಬಂಡಿಪಾಳ್ಯದ ಎಪಿಎಂಸಿ ಹತ್ತಿರ. ಬೆಳಿಗ್ಗೆ ಅಲ್ಲಿ ತರಕಾರಿ ಗಾಡಿಗಳ ಜಾತ್ರೆ. ಮುಂದಿದ್ದ ಟೆಂಪೋ ಗಕ್ಕನೆ ನಿಂತಿತು. ನಾನು ಮೂರನೇ ಗೇರ್‌ನಲ್ಲಿದ್ದೆ. ಇಳಿಸೋಣ ಅಂತ ಹಳೆ ಅಭ್ಯಾಸದಲ್ಲಿ ಹಿಮ್ಮಡಿ ಒತ್ತಿದೆ. ಬಿತ್ತು ನಾಲ್ಕು! ಗಾಡಿ ಕೆಮ್ಮಿ, ಎರಡು ಸಲ ಗದಗದ ನಡುಗಿ, ನಡುರಸ್ತೆಯಲ್ಲಿ ಆಫ್ ಆಯ್ತು. ಹಿಂದಿದ್ದ ಆಟೋದವರು ತಲೆ ಹೊರಗೆ ಹಾಕಿ, "ಏನ್ ಸಾರ್, ಬೆಳಗ್ಗೆನೇ ನಿದ್ದೇನಾ?" ಅಂದರು. ಹೊಸ ಗಾಡಿ, ಹಿಂದೆ ಇನ್ನೂ ಹೂವಿನ ಹಾರ ನೇತಾಡುತ್ತಿತ್ತು. ಮಾನ ಹೋಯ್ತು.

ಅವತ್ತಿಂದ ಹಿಮ್ಮಡಿ ಲಿವರ್ ಅನ್ನೋದು ಒಂದಿದೆ ಅನ್ನೋದನ್ನೇ ಮರೆತೆ. ಬರೀ ಬೆರಳಲ್ಲಿ ಎತ್ತೋದು, ಬೆರಳಲ್ಲಿ ಒತ್ತೋದು. ಎರಡು ತಿಂಗಳು ಹೀಗೇ ನಡೆಯಿತು. ಒಂದು ಭಾನುವಾರ ರಾತ್ರಿ ಶೂ ಪಾಲಿಶ್ ಮಾಡಲು ಕೂತೆ. ಬಲಗಾಲಿನ ಶೂ ಪಳಪಳ. ಎಡಗಾಲಿನದರ ಮೂತಿ ಮೇಲೆ ಒಂದು ಬೆರಳಗಲ ಚರ್ಮವೇ ಎದ್ದು ಹೋಗಿದೆ. ಪಾಲಿಶ್ ಹತ್ತುತ್ತಲೇ ಇಲ್ಲ. 1,800 ರೂಪಾಯಿ ಶೂ, ಯುಗಾದಿಗೆ ಕೊಂಡಿದ್ದು. ಮರುದಿನ ಆಫೀಸಿನಲ್ಲಿ ಸುಮ್ನೆ ಎಲ್ಲರ ಕಾಲು ನೋಡಿದೆ. ಬೈಕಲ್ಲಿ ಬರುವವರ ಪೈಕಿ ಯಾರಿಗೆ ಬರೀ ಮುಂದಿನ ಗೇರ್ ಇದೆಯೋ ಅವರೆಲ್ಲರ ಎಡ ಶೂಗೂ ಅದೇ ಗಾಯ. ನೀವೂ ನೋಡಿ ಬೇಕಾದರೆ.

ಆದರೂ ಬುದ್ಧಿ ಬರಲಿಲ್ಲ. ಮೆಕ್ಯಾನಿಕ್ ಹತ್ತಿರ ಹೋದೆ. ಅವರದು ಒಂದೇ ಮಾತು: "ತೆಗೆದು ಬಿಸಾಕೋಣ ಸಾರ್. ಸಿಂಗಲ್ ಲಿವರ್ ಹಾಕಿಬಿಡ್ತೀನಿ, ಶೂಗೆ ರಬ್ಬರ್ ಕವರ್ ತಗೊಳ್ಳಿ." 450 ರೂಪಾಯಿ ಕೊಟ್ಟು ಸಿಂಗಲ್ ಲಿವರ್ ತಂದೆ. ಆದರೆ ಅದು ಆಯುಧಪೂಜೆ ವಾರ. ಗ್ಯಾರೇಜಿನಲ್ಲಿ ಕಾಲಿಡಲು ಜಾಗವಿಲ್ಲ, ಊರಿನ ಗಾಡಿಗಳೆಲ್ಲ ವಾಟರ್ ವಾಶ್‌ಗೆ ಬಂದು ನಿಂತಿದ್ದವು. "ಹಬ್ಬ ಮುಗೀಲಿ ಸಾರ್" ಅಂದರು. ಲಿವರ್ ಮನೆಗೆ ಬಂತು. ಸ್ಪ್ಯಾನರ್, ಸ್ಕ್ರೂಡ್ರೈವರ್, ಅಮ್ಮನ ಹೊಲಿಗೆ ಮೆಷಿನ್ ಜೊತೆ ಅದಕ್ಕೂ ಪೂಜೆ ಆಯ್ತು, ಕುಂಕುಮ ಬಿತ್ತು.

ಹಬ್ಬದ ಮರುದಿನ ಬೆಳಿಗ್ಗೆ ಹಾಲು ತರಲು ಹೊರಟೆ. ಪಂಚೆ, ಹವಾಯಿ ಚಪ್ಪಲಿ. ಎರಡನೇ ಗೇರ್‌ಗೆ ಎತ್ತುವಾಗ ಹೆಬ್ಬೆರಳಿನ ಉಗುರಿಗೆ ಲಿವರ್ ತಾಗಿ ಪ್ರಾಣ ಹೋದ ಹಾಗಾಯ್ತು. ಕಾಲು ತಾನಾಗಿ ಹಿಂದಕ್ಕೆ ವಾಲಿತು, ಹಿಮ್ಮಡಿ ಇಳಿಯಿತು, ಟಕ್. ಮೂರು. ಮತ್ತೆ ಟಕ್. ನಾಲ್ಕು. ನೋವಿಲ್ಲ, ಹುಡುಕಾಟವಿಲ್ಲ. ಹಾಲಿನ ಬೂತ್ ದಾಟಿ ಎರಡು ರಸ್ತೆ ಮುಂದೆ ಹೋಗಿ ವಾಪಸ್ ಬಂದೆ.

ಅಲ್ಲಿಂದ ಈ ಲಿವರ್ ಮೇಲೆ ನನಗೆ ಒಂಥರಾ ಪ್ರೀತಿ. ಕ್ರೂಸರ್‌ನಲ್ಲಿ ಕಾಲು ಸ್ವಲ್ಪ ಮುಂದೆ ಚಾಚಿಕೊಂಡು ಕೂರುತ್ತೀರಿ. ಪಾದದ ನಡುಭಾಗ ಫುಟ್‌ರೆಸ್ಟ್ ಮೇಲಿರುತ್ತದೆ. ಆ ಕೂತ ಭಂಗಿಯಲ್ಲಿ ಬೆರಳನ್ನು ಲಿವರ್ ಕೆಳಗೆ ತೂರಿಸಿ ಎತ್ತೋದೇ ಒಂದು ಸರ್ಕಸ್. ಹಿಮ್ಮಡಿಗೆ ಆ ಕಷ್ಟವಿಲ್ಲ. ಅಮ್ಮ ಹೊಲಿಗೆ ಮೆಷಿನ್ ತುಳಿಯೋದು ನೋಡಿದ್ದೀರಲ್ಲ, ಬೆರಳು ಒಂದು ಸಲ, ಹಿಮ್ಮಡಿ ಒಂದು ಸಲ, ಥೇಟ್ ಹಾಗೇ. ಹಾರ್ಲೆಯಂಥ ದೊಡ್ಡ ಟೂರಿಂಗ್ ಗಾಡಿಗಳಲ್ಲಿ ಕಾಲಿಡಲು ಹಲಗೆ ಥರದ ಫುಟ್‌ಬೋರ್ಡ್ ಇರುತ್ತದೆ. ಅದರ ಮೇಲೆ ಪಾದ ಊರಿದರೆ ಲಿವರ್ ಕೆಳಗೆ ಬೆರಳು ಹೋಗೋದು ಕಷ್ಟ, ಅದಕ್ಕೇ ಅಲ್ಲಿ ಹಿಮ್ಮಡಿ ಲಿವರ್. ನಮ್ಮ ಕಡೆ ಹಲಗೆ ಇಲ್ಲದಿದ್ದರೂ ಚಪ್ಪಲಿ ಇದೆಯಲ್ಲ, ಅದಕ್ಕೆ ಇದು ಒಗ್ಗುತ್ತದೆ.

ಈಗ ಬೆಳಗಿನ ಏಳೂ ನಲವತ್ತಕ್ಕೆ ನನ್ನದೊಂದು ಲೆಕ್ಕವಿದೆ. ಗೇಟು ದಾಟುವಾಗ ಒಂದು. ಬೀದಿಯ ಕೊನೆಯ ಹೊಂಗೆ ಮರದ ಹತ್ತಿರ ಎರಡು. ಬಂಡಿಪಾಳ್ಯದ ಗಲಾಟೆಯಲ್ಲಿ ಎರಡು, ಮೂರು, ಮತ್ತೆ ಎರಡು. ಅಲ್ಲಿಂದ ಮುಂದೆ ರಸ್ತೆ ಬಿಚ್ಚಿಕೊಳ್ಳುತ್ತದೆ. ಟಕ್, ಟಕ್, ಟಕ್. ಕಡಕೊಳ ಬರುವ ಹೊತ್ತಿಗೆ ಐದು. ಆಮೇಲೆ ಪಾದ ಅಲ್ಲಾಡಿಸುವ ಕೆಲಸವಿಲ್ಲ. ಶೂ ಮೇಲೆ ಒಂದು ಗೆರೆ ಬೀಳೋದಿಲ್ಲ. ಅದೇ ಎಡ ಶೂಗೆ ಚಮ್ಮಾರರ ಹತ್ತಿರ ಬಣ್ಣ ಹಾಕಿಸಿ ಇನ್ನೂ ಒಂದೂವರೆ ವರ್ಷ ಓಡಿಸಿದೆ.

ಇಲ್ಲಿಗೆ ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್. ಆದರೆ ಮಳೆಗಾಲ ಬಂತು.

ಮಳೆಗೆ ಅಂತ 4,500 ಕೊಟ್ಟು ರೈಡಿಂಗ್ ಬೂಟ್ ತಗೊಂಡೆ. ನನ್ನ ಕಾಲು ಹತ್ತನೇ ಸೈಜು. ಬೂಟ್ ಹಾಕಿದರೆ ಹಿಂದಿನ ಲಿವರ್‌ಗೂ ಮುಂದಿನದಕ್ಕೂ ನಡುವೆ ಪಾದ ಸಿಕ್ಕಿಹಾಕಿಕೊಂಡ ಹಾಗೆ. ಹಿಮ್ಮಡಿ ಇಡೋಕೆ ಬೇರೆ ಜಾಗವೇ ಇಲ್ಲ, ಲಿವರ್ ಮೇಲೇ ಕೂರುತ್ತದೆ. ಗೇರ್ ಲಿವರ್ ಒಂದು ಸಲ ಒತ್ತಿದ ಮೇಲೆ ಸ್ಪ್ರಿಂಗ್ ಎಳೆತಕ್ಕೆ ನಡುಜಾಗಕ್ಕೆ ವಾಪಸ್ ಬರಬೇಕು. ಬಂದರೆ ಮಾತ್ರ ಮುಂದಿನ ಗೇರ್. ನನ್ನ ಬೂಟು ಅದನ್ನು ವಾಪಸ್ ಬರಲು ಬಿಡುವುದಿಲ್ಲ. ಎರಡರಿಂದ ಮೂರಕ್ಕೆ ಒತ್ತುತ್ತೇನೆ, ಬೀಳುತ್ತದೆ. ನಾಲ್ಕಕ್ಕೆ ಒತ್ತುತ್ತೇನೆ, ಏನೂ ಇಲ್ಲ. ಎಂಜಿನ್ ಸುಮ್ನೆ ಅರಚುತ್ತದೆ. ಗೇರ್ ಬಾಕ್ಸ್ ಹೋಯ್ತು ಅಂತ ಹೆದರಿ ಸರ್ವಿಸ್‌ಗೆ ಬಿಟ್ಟೆ. ಅವರು ಓಡಿಸಿ ನೋಡಿ ಏನೂ ತೊಂದರೆ ಇಲ್ಲ ಅಂದರು. ಬಿಲ್ ಮಾತ್ರ ಕೊಟ್ಟರು.

ಕಾರಣ ಹಿಡಿದಿದ್ದು ನಮ್ಮಪ್ಪ. ಅಪ್ಪ ಯೆಜ್ಡಿ ಕಾಲದವರು. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲೇ ತಯಾರಾದ ಗಾಡಿ, 1996ರಲ್ಲಿ ಫ್ಯಾಕ್ಟರಿ ಮುಚ್ಚಿದ ಮೇಲೂ ಎಷ್ಟೋ ವರ್ಷ ಇಟ್ಟುಕೊಂಡಿದ್ದರು. ಅದರಲ್ಲಿ ಗೇರ್ ಲಿವರೇ ಕಿಕ್ಕರ್. ಒಳಗೆ ಒತ್ತಿ ತಿರುಗಿಸಿದರೆ ಕಿಕ್ ಹೊಡೆಯಬಹುದು, ಸ್ಟಾರ್ಟ್ ಆದ ಮೇಲೆ ಅದರಲ್ಲೇ ಗೇರ್. ಕ್ಲಚ್ ಹಿಡಿಯದೆಯೂ ಗೇರ್ ಹಾಕಬಹುದಿತ್ತು. ಅಂಥ ಗಾಡಿ ಓಡಿಸಿದವರಿಗೆ ನನ್ನ ಗೋಳು ತಮಾಷೆ. ನಾನು ಬೂಟ್ ಹಾಕಿಕೊಂಡು ಗಾಡಿ ಮೇಲೆ ಕೂತಿದ್ದೆ. ಅಪ್ಪ ಕಾಂಪೌಂಡಿಗೆ ಒರಗಿ ನನ್ನ ಕಾಲನ್ನೇ ನೋಡುತ್ತಿದ್ದರು. "ಗೇರ್ ಕೆಟ್ಟಿಲ್ಲ ಕಣೋ, ನಿನ್ನ ಹಿಮ್ಮಡಿ ಎತ್ತು ಮೊದಲು" ಅಂದರು.

ಆಮೇಲೆ ಹತ್ತನೇ ನಂಬರ್ ಸ್ಪ್ಯಾನರ್ ತಗೊಂಡು ನಾನೇ ಕೂತೆ. ಲಿವರ್ ಕೂರುವ ಶಾಫ್ಟ್ ಮೇಲೆ ಸಣ್ಣ ಹಲ್ಲುಗಳಿರುತ್ತವೆ. ಬೋಲ್ಟ್ ಸಡಿಲಿಸಿ, ಹೊರಗೆಳೆದು, ಒಂದು ಹಲ್ಲು ತಿರುಗಿಸಿ ಮತ್ತೆ ತೂರಿಸಿದರೆ ಲಿವರ್ ಕೂರುವ ಕೋನ ಬದಲಾಗುತ್ತದೆ. ಹಿಂದಿನ ತುದಿ ಕೆಳಗಿಳಿಯಿತು, ಹಿಮ್ಮಡಿಗೆ ಉಸಿರಾಡಲು ಜಾಗ ಸಿಕ್ಕಿತು. ಆದರೆ ಎರಡೂ ತುದಿ ಒಂದೇ ಕಬ್ಬಿಣ. ಹಿಂದಿನದು ಇಳಿದರೆ ಮುಂದಿನದು ಏರುತ್ತದೆ. ಈಗ ಗೇರ್ ಇಳಿಸಲು ಪಾದ ಪೂರ್ತಿ ಎತ್ತಿ ಮೇಲಿಂದ ಒತ್ತಬೇಕು. ಮತ್ತೆ ಬಿಚ್ಚಿದೆ, ಮತ್ತೆ ಹಾಕಿದೆ. ಆ ಎರಡು ಹಲ್ಲಿನ ನಡುವೆ ಅರ್ಧ ಹಲ್ಲು ಇದ್ದಿದ್ದರೆ ನನ್ನ ಜೀವನ ಸುಖವಾಗಿರುತ್ತಿತ್ತು. ಕೊನೆಗೆ ಶೂಗೆ ಸರಿಹೋಗುವ ಹಾಗೆ ಬಿಟ್ಟೆ. ಬೂಟು ಅಟ್ಟದ ಮೇಲಿದೆ. ಮಳೆಯಲ್ಲಿ ಕಾಲು ನೆನೆಯುತ್ತದೆ, ನೆನೆಯಲಿ.

ಇನ್ನೆರಡು ಸಣ್ಣ ವಿಷಯ. ಒಂದಕ್ಕೂ ಎರಡಕ್ಕೂ ನಡುವೆ ಇರುವ ನ್ಯೂಟ್ರಲ್‌ಗೆ ಒಂದರಿಂದ ಹಿಮ್ಮಡಿಯಲ್ಲಿ ಹೋಗಬೇಡಿ. ಹಿಮ್ಮಡಿಗೆ ಭಾರ ಜಾಸ್ತಿ, ನಾಜೂಕು ಕಮ್ಮಿ, ಸೀದಾ ಎರಡಕ್ಕೆ ಹೋಗುತ್ತದೆ. ಸಿಗ್ನಲ್ ಬರುವಾಗಲೇ ಎರಡರಿಂದ ಬೆರಳಲ್ಲಿ ಮೆಲ್ಲಗೆ ತಟ್ಟಿದರೆ ಗಾಡಿಯ ಮೀಟರ್‌ನಲ್ಲಿ ನ್ಯೂಟ್ರಲ್‌ನ ಹಸಿರು ದೀಪ ಹತ್ತುತ್ತದೆ. ಮತ್ತೆ, ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ನಾನು ಇವತ್ತಿಗೂ ಬೆರಳಲ್ಲೇ ಎತ್ತುತ್ತೇನೆ. ಗಾಡಿ ವಾಲಿಸಿದಾಗ ಪಾದ ಹಿಂದಕ್ಕೆ ಮುಂದಕ್ಕೆ ತೂಗಿದರೆ ಹಿಡಿತ ತಪ್ಪಿದ ಹಾಗೆ ಅನ್ನಿಸುತ್ತದೆ. ಬೆಟ್ಟಕ್ಕೆ ಹೋಗುವ ದಿನ ಹಳೆ ಕ್ಯಾನ್ವಾಸ್ ಶೂ.

ಸ್ಪ್ಲೆಂಡರ್ ಇನ್ನೂ ಮನೆಯಲ್ಲಿದೆ. ಹೋದ ತಿಂಗಳು ಅಮ್ಮನನ್ನು ಕೂರಿಸಿಕೊಂಡು ಅದರಲ್ಲಿ ಹೊರಟೆ. ಮೂರರಿಂದ ನಾಲ್ಕಕ್ಕೆ ಅಂತ ಹಿಮ್ಮಡಿ ಒತ್ತಿದೆ. ಎರಡಕ್ಕೆ ಬಿತ್ತು, ಗಾಡಿ ಮುಗ್ಗರಿಸಿತು, ಅಮ್ಮನ ಹಣೆ ನನ್ನ ಹೆಲ್ಮೆಟ್‌ಗೆ ಬಡಿಯಿತು. "ದೊಡ್ಡ ಗಾಡಿ ಬಂದ ಮೇಲೆ ಇದು ಓಡಿಸೋದು ಮರೆತೇ ಹೋಯ್ತೇನೋ?" ಅಂದರು.

ಆ ಸಿಂಗಲ್ ಲಿವರ್ ಇನ್ನೂ ಟೂಲ್ ಡಬ್ಬಿಯಲ್ಲಿದೆ. ಒಂದು ದಿನವೂ ಗಾಡಿಗೆ ಹಾಕಿಲ್ಲ. ಬೇಕಾದವರು ಹೇಳಿ, 300ಕ್ಕೆ ಕೊಡುತ್ತೇನೆ. ಕುಂಕುಮದ ಕಲೆ ಹೋಗಿಲ್ಲ, ಉಜ್ಜಿಕೊಳ್ಳಬೇಕು.