"ಅನಸ್ತೇಶಿಯಾ ಇಲ್ದೆ ಹಲ್ಲು ಕ್ಲೀನಿಂಗ್" ಅಂದ್ರೆ ನಂಬ್ಬೇಡಿ, ನಮ್ ನಾಯಿ ಗತಿ ನೋಡಿ

ಬೆಂಗಳೂರಲ್ಲಿ ನಾಯಿ ಬೆಕ್ಕು ಸಾಕಿರೋರು ದಯವಿಟ್ಟು ಓದಿ. ಬನ್ನೇರುಘಟ್ಟ ರೋಡ್ ಕಡೆ ಒಂದು ಗ್ರೂಮಿಂಗ್ ಸೆಂಟರ್, "ಅನಸ್ತೇಶಿಯಾ ಬೇಡ, ಅರ್ಧ ಗಂಟೇಲಿ ಹಲ್ಲು ಬೆಳ್ಳಗೆ" ಅಂತ ಬೋರ್ಡ್ ಹಾಕ್ಕೊಂಡು ನಮ್ಮತ್ರ 3,500 ಕಿತ್ಕೊಂಡ್ರು. ನಮ್ ನಾಯಿ ಬ್ರೌನಿಗೆ ವಯಸ್ಸಾಗಿದೆ, ಬಾಯಿ ವಾಸನೆ, ಹಿಂದಿನ ಹಲ್ಲಲ್ಲಿ ಹಳದಿ ಪಾಚಿ ಗಟ್ಟಿಯಾಗಿ ಕೂತಿತ್ತು. ಈ ವಯಸ್ಸಲ್ಲಿ ಅನಸ್ತೇಶಿಯಾ ಕೊಟ್ರೆ ಎದ್ದೇಳಲ್ಲ ಮೇಡಂ ಅಂತ ಹೆದರ್ಸಿದ್ದೂ ಅವರೇ.

ನನ್ನ ಒಳಗ್ ಬಿಡ್ಲಿಲ್ಲ, ಗಾಜಿನಾಚೆ ನಿಂತಿದ್ದೆ. ಇಬ್ರು ಹುಡುಗ್ರು ಅವಳನ್ನ ಟವಲಲ್ಲಿ ಸುತ್ತಿ ಅದುಮಿ ಹಿಡ್ಕೊಂಡು ಕೊಕ್ಕೆ ಥರದ್ದರಲ್ಲಿ ಕೆರೀತಿದ್ರು, ಅವಳು ನಡುಗ್ತಿದ್ಲು, ಟವಲ್ ಮೇಲೆ ಜೊಲ್ಲಿನ ಜೊತೆ ರಕ್ತ. ಏನ್ರೀ ಇದು ಅಂದ್ರೆ "ಫಸ್ಟ್ ಟೈಮ್ ಅಲ್ವಾ, ಬರುತ್ತೆ". ಆಮೇಲೆ ತುಟಿ ಎತ್ತಿ ತೋರ್ಸಿದ್ರು, ಮುಂದಿನ ಹಲ್ಲೆಲ್ಲಾ ಬೆಳ್ಳಗೆ. ಆ ಫೋಟೋ ಮನೇಲೆಲ್ಲಾ ತೋರ್ಸಿದ್ದೆ, ಈಗ ನೆನೆಸ್ಕೊಂಡ್ರೆ ಮೈ ಉರಿಯುತ್ತೆ!

ಸ್ವಲ್ಪ ದಿನಕ್ಕೆ ಊಟ ಬಿಟ್ಲು, ಬಲಗಣ್ಣಿನ ಕೆಳಗೆ ಊತ. ಹೆಬ್ಬಾಳದ ಹತ್ರ ವೆಟ್ ಡಾಕ್ಟ್ರು ನೋಡ್ತಿದ್ದಂಗೆ ಇದು ಕಣ್ಣಿಂದಲ್ಲ ಹಲ್ಲಿಂದು ಅಂದ್ರು. ಮೇಲ್ದವಡೆ ದೊಡ್ಡ ಹಲ್ಲಿನ ಬೇರು ಕಣ್ಣಿನ ಕೆಳಗೇ ಇರುತ್ತಂತೆ, ಅಲ್ಲಿ ಕೀವು ತುಂಬಿತ್ತು. ಕಾಯಿಲೆ ಇರೋದೇ ವಸಡಿನ ಒಳಗೆ, ಎಚ್ಚರ ಇರೋ ನಾಯಿ ಅಲ್ಲಿಗೆ ಕೈ ಹಾಕಕ್ಕೆ ಬಿಡುತ್ತಾ? ಅದಕ್ಕೇ ಮೊದ್ಲು ರಕ್ತ ಪರೀಕ್ಷೆ, ಆಮೇಲೆ ಅನಸ್ತೇಶಿಯಾ, ನೀರು ಶ್ವಾಸಕೋಶಕ್ಕೆ ಹೋಗ್ದಿರ್ಲಿ ಅಂತ ಗಂಟಲಿಗೆ ಟ್ಯೂಬ್, ಎಕ್ಸ್‌ರೇ, 42 ಹಲ್ಲೂ ಒಂದೊಂದಾಗಿ ನೋಡೋದು. ಕೆರೆದ್ಮೇಲೆ ಪಾಲಿಷ್ ಮಾಡ್ದಿದ್ರೆ ಆ ಗೀರಲ್ಲೇ ಪಾಚಿ ಮತ್ತೆ ಬೇಗ ಕೂರುತ್ತಂತೆ. ಆ ಗ್ರೂಮಿಂಗ್ ಸೆಂಟರ್‌ನೋರು ಇದ್ರಲ್ಲಿ ಒಂದೂ ಮಾಡಿಲ್ಲ. ಹಿಂದಿನ ಹಲ್ಲಿನ ಒಳಮಗ್ಗುಲು ಪಾಚಿ ಹಾಗೇ ಇತ್ತು, ಹಾಗೇ! ಕೊನೆಗೆ ಆ ಹಲ್ಲು ಕೀಳಿಸ್ಬೇಕಾಯ್ತು.

ಸೆಂಟರಿಗೆ ಫೋನ್ ಮಾಡಿದ್ರೆ "ಅದು ಮೊದ್ಲೇ ಇತ್ತು ಮೇಡಂ". ಮೊದ್ಲೇ ಇದ್ರೆ ಯಾಕ್ ಹೇಳ್ಲಿಲ್ಲ ಅಂದ್ರೆ "ನಾವು ಡಾಕ್ಟ್ರಲ್ಲ, ಇದು ಬರೀ ಕಾಸ್ಮೆಟಿಕ್". ಮತ್ತೆ ಬಿಲ್ಲಲ್ಲಿ "ಡೆಂಟಲ್ ಟ್ರೀಟ್‌ಮೆಂಟ್" ಅಂತ ಬರ್ದಿದ್ದು ಯಾರು? ದುಡ್ಡು ವಾಪಸ್ ಕೊಡಿ ಅಂದ್ರೆ ಮುಂದಿನ್ ಸಲ ಉಗುರು ಕಟಿಂಗ್ ಫ್ರೀ ಅಂತೆ. ಮುಂದಿನ್ ಸಲ! ಆಮೇಲೆ ನನ್ ನಂಬರ್ ಬ್ಲಾಕ್.

ವೆಟ್ ಡಾಕ್ಟ್ರು ಇಲ್ಲದ ಕಡೆ ಬಾಯಿ ಮುಟ್ಟಿಸ್ಲೇಬೇಡಿ, ಅನಸ್ತೇಶಿಯಾ ಯಾರು ಕೊಡ್ತಾರೆ, ಎಕ್ಸ್‌ರೇ ತೆಗೀತಾರಾ ಕೇಳಿ, ಉತ್ತರ ತಡವರಿಸಿದ್ರೆ ನಾಯಿ ಎತ್ಕೊಂಡು ಎದ್ದು ಬನ್ನಿ. ಮನೇಲಿ ಉಜ್ಜೋದಾದ್ರೆ ನಾಯಿ ಪೇಸ್ಟೇ ತಗೊಳ್ಳಿ, ನಮ್ ಪೇಸ್ಟ್ ಕೆಲವದ್ರಲ್ಲಿ ಸಿಹಿಗೆ ಹಾಕೋ ಕ್ಸೈಲಿಟಾಲ್ ಇರುತ್ತೆ, ನಾಯಿಗೆ ಅದು ವಿಷ. ಆ ಸೆಂಟರ್‌ನೋರು ಈಗ ಬೆಕ್ಕಿಗೂ ಅದೇ ಆಫರ್ ಬೋರ್ಡ್ ಹಾಕಿದ್ದಾರೆ.