ಇಳಿಜಾರು ಚರಂಡಿಯ ಜಲ್ಲಿಗೆ ಪವರ್ ಸ್ವೀಪರ್: ಕೆಲವು ವರ್ಷ ಬಳಸಿದ ಮೇಲೆ

ಹಿಮ ಬೀಳುವ ಕಡೆ, ಜಲ್ಲಿ ರಸ್ತೆ ಪಕ್ಕದಲ್ಲಿ ಮನೆ ಇರುವವರಿಗೆ ಈ ತಲೆನೋವು ಹೊಸದಲ್ಲ. ಹಿಮ ತಳ್ಳುವ ಗಾಡಿ ಹಿಮದ ಜೊತೆಗೆ ರಸ್ತೆಯ ಜಲ್ಲಿಯನ್ನೂ ಕೆರೆದು ಪಕ್ಕದ ಚರಂಡಿಗೆ ಹಾಕಿ ಹೋಗುತ್ತದೆ. ಎಲ್ಲಾ ಕರಗಿದ ಮೇಲೆ ನೋಡಿದರೆ ಹುಲ್ಲಿನ ತುಂಬಾ ಕಲ್ಲು. ಅದನ್ನು ತೆಗೆಯೋಕೆ ಅಂತಲೇ ಈ ಪವರ್ ಸ್ವೀಪರ್ ತಗೊಂಡಿದ್ದು. ಸಮತಟ್ಟು ಅಂಗಳದಲ್ಲಿ ಇದು ಹೇಗೆ ಕೆಲಸ ಮಾಡುತ್ತೆ ಅಂತ ಹೊಗಳಿ ಬರೆದವರು ಬೇಕಾದಷ್ಟು ಜನ ಇದ್ದಾರೆ. ಕಡಿದಾದ ಚರಂಡಿಯಲ್ಲಿ ಬಳಸಿ ಬರೆದವರು ನನ್ನ ಕಣ್ಣಿಗೆ ಬೀಳಲಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವಸರದಲ್ಲಿ ಇರುವವರಿಗೆ ಈಗಲೇ ಹೇಳಿಬಿಡುತ್ತೇನೆ. ಹುಲ್ಲಿನೊಳಗೆ ಸಿಕ್ಕಿಕೊಂಡ ಕಲ್ಲನ್ನು ಬಿಡಿಸೋದರಲ್ಲಿ ಇದನ್ನು ಮೀರಿಸುವ ಸಾಮಾನು ನಾನು ನೋಡಿಲ್ಲ. ಆದರೆ ಆ ಕಲ್ಲನ್ನು ಏರು ಹತ್ತಿಸಿ ರಸ್ತೆಗೆ ವಾಪಸ್ ತರುತ್ತೆ ಅಂತ ನಂಬಿ ಕೊಂಡರೆ ಬೇಜಾರಾಗುತ್ತೀರಿ. 5ಕ್ಕೆ ಮೂರೂವರೆ ಕೊಡುತ್ತೇನೆ.

ಮಷಿನ್ ಹೇಗಿದೆ ಅಂದರೆ, ಕಳೆ ಕತ್ತರಿಸುವ ಮಷಿನ್ನಿನ ತರಹದ ಉದ್ದ ಕೊಳವೆ, ಒಂದು ತುದಿಗೆ ಎರಡು ಸ್ಟ್ರೋಕಿನ ಚಿಕ್ಕ ಪೆಟ್ರೋಲ್ ಇಂಜಿನ್, ಇನ್ನೊಂದು ತುದಿಗೆ ಅಡ್ಡಲಾಗಿ ಸುಮಾರು 60 ಸೆಂಮೀ ಅಗಲದ ರೋಲರ್. ರೋಲರ್ ಸುತ್ತ ದಪ್ಪ ರಬ್ಬರಿನ ಪಟ್ಟಿಗಳು. ಅವು ತಿರುಗಿ ಕಲ್ಲನ್ನು ಮುಂದಕ್ಕೆ, ಅಂದರೆ ಹಿಡಿದವರಿಂದ ದೂರಕ್ಕೆ ಒದೆಯುತ್ತವೆ. ಎಲ್ಲಾ ಸೇರಿ 10 ಕೆಜಿಗಿಂತ ಜಾಸ್ತಿ ತೂಕ. ಸಮತಟ್ಟು ನೆಲದಲ್ಲಿ ಆ ತೂಕವನ್ನು ರೋಲರ್ರೇ ಹೊರುತ್ತೆ, ನಮಗೆ ಗೊತ್ತಾಗಲ್ಲ. ಇಳಿಜಾರಲ್ಲಿ ಅಷ್ಟೂ ನಮ್ಮ ಸೊಂಟಕ್ಕೇ. ಇದೇ ಇಂಜಿನ್ನಿಗೆ ರಬ್ಬರ್ ಬದಲು ಗಡಸು ಬ್ರಶ್ ಹಾಕುವ ರೋಲರ್ರೂ ಸಿಗುತ್ತದೆ. ಹುಲ್ಲಿರುವ ಕಡೆ ಅದು ಬೇಡ, ಕಲ್ಲಿನ ಜೊತೆ ಹುಲ್ಲನ್ನೂ ಬೇರುಸಹಿತ ಎಳೆದು ಹಾಕುತ್ತೆ.

ಈಗ ಇಳಿಜಾರಿನ ವಿಷಯ. ಮೂರು ಅಡಿ ಅಡ್ಡಕ್ಕೆ ಒಂದು ಅಡಿ ಇಳಿಯುವ ಚರಂಡಿ ಅಂದರೆ ಸುಮಾರು 18 ಡಿಗ್ರಿ. ಅಷ್ಟಿದ್ದರೆ ನಿಂತು ಕೆಲಸ ಮಾಡಬಹುದು. ಎರಡು ಅಡಿಗೆ ಒಂದು ಅಡಿ ಅಂದರೆ 27 ಡಿಗ್ರಿ ಹತ್ತಿರ, ಬಿಡಿ ಕಲ್ಲಿನ ಮೇಲೆ ಕಾಲೇ ನಿಲ್ಲಲ್ಲ. ಕೂತು ಓಡಿಸುವ ಹುಲ್ಲಿನ ಮಷಿನ್‌ಗಳಿಗೇ 15 ಡಿಗ್ರಿ ದಾಟಬೇಡಿ ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ನಮ್ಮ ಚರಂಡಿ 18ಕ್ಕೂ 27ಕ್ಕೂ ನಡುವೆ ಇದೆ, ಒಂದು ತುದಿಯಲ್ಲಂತೂ ಇನ್ನೂ ಕಡಿದು.

ಕೆಳಗೆ ನಿಂತು ಮೇಲಕ್ಕೆ ತಳ್ಳಿದರೆ ಏನಾಗುತ್ತೆ ಗೊತ್ತಾ, ಕಲ್ಲು ಒಂದು ಮಾರು ಮೇಲೆ ಹಾರುತ್ತೆ, ಉರುಳಿಕೊಂಡು ಮತ್ತೆ ಪಟ್ಟಿಗಳ ಕೆಳಗೇ ಬರುತ್ತೆ, ಅದನ್ನೇ ಮತ್ತೆ ಒದೆಯಬೇಕು. ಇಂಜಿನ್ ಕೂಗುತ್ತೆ, ಬೆವರು ಇಳಿಯುತ್ತೆ, ಕಲ್ಲು ಇದ್ದಲ್ಲೇ ಇರುತ್ತೆ. ಅದೇ ಮೇಲಿಂದ ಕೆಳಕ್ಕೆ, ಸ್ವಲ್ಪ ಓರೆಯಾಗಿ ಹಿಡಿದು ತಳ್ಳಿಕೊಂಡು ಬಂದರೆ ಕೆಲಸ ಸರಾಗ. ಪಟ್ಟಿ ಹುಲ್ಲಿನ ಬುಡದವರೆಗೂ ಹೋಗಿ ಕಲ್ಲನ್ನು ಎಬ್ಬಿಸುತ್ತೆ, ಹುಲ್ಲು ಬಾಗಿ ಮತ್ತೆ ಎದ್ದು ನಿಲ್ಲುತ್ತೆ. ರೇಕ್ ಹಾಕಿ ಎಳೆದರೆ ಇಷ್ಟು ಚೊಕ್ಕಟವಾಗಿ ಯಾವತ್ತೂ ಆಗಲ್ಲ.

ಹಾಗಾಗಿ ನಾನು ಚರಂಡಿಯ ಬದುವನ್ನು ಎರಡು ಪಟ್ಟೆ ಮಾಡಿಕೊಂಡಿದ್ದೇನೆ. ರಸ್ತೆಗೆ ತಾಗಿದ ಮೇಲಿನ ಒಂದು ಮೀಟರ್‌ನಲ್ಲಿ ದಪ್ಪ ಜಲ್ಲಿ ಜಾಸ್ತಿ. ಆ ಭಾಗಕ್ಕೆ ಮಷಿನ್ ಮುಟ್ಟಿಸಲ್ಲ. ರಸ್ತೆ ಅಂಚಿನಲ್ಲಿ ನಿಂತು, ಉದ್ದ ಹಿಡಿಯ ಅಗಲ ಅಲ್ಯೂಮಿನಿಯಂ ರೇಕ್‌ನಿಂದ ಮೇಲಕ್ಕೆ ಎಳೆದುಕೊಳ್ಳುತ್ತೇನೆ. ಅದರಿಂದ ಕೆಳಗಿನದನ್ನೆಲ್ಲಾ ಸ್ವೀಪರ್ ಹಿಡಿದು ತಳಕ್ಕೆ ಇಳಿಸುತ್ತೇನೆ. ತಳದಲ್ಲಿ ಮೊದಲೇ ಟಾರ್ಪಾಲ್ ಹಾಸಿರುತ್ತೇನೆ, ಕಲ್ಲು ಅದರ ಮೇಲೆ ಬಂದು ಕೂರುತ್ತೆ. ಅಲ್ಲಿಂದ ಸಲಿಕೆ, ಬಾಂಡ್ಲಿ, ರಟ್ಟೆ. ಇದಕ್ಕೆ ಅಡ್ಡದಾರಿ ಇಲ್ಲ. ಒಂದು ಘನ ಮೀಟರ್ ಜಲ್ಲಿ ಒಂದೂವರೆ ಟನ್‌ಗಿಂತ ಕಮ್ಮಿ ತೂಗಲ್ಲ ಅನ್ನೋದು ನೆನಪಿರಲಿ. 100 ಲೀಟರ್ ಹಿಡಿಯುವ ಕೈಗಾಡಿಯನ್ನು ಬಾಯಿತುಂಬಾ ತುಂಬಿದರೆ 150 ಕೆಜಿ ಆಯಿತು, ಅದನ್ನು ಏರಿನಲ್ಲಿ ತಳ್ಳೋದು ಯಾರಿಂದ ಆಗುತ್ತೆ? ಬಾಂಡ್ಲಿಗೆ ಅರ್ಧ ತುಂಬಿ ಎತ್ತಿಕೊಡಿ, ಮೇಲೆ ಇನ್ನೊಬ್ಬರು ಈಸಿಕೊಂಡರೆ ಕೆಲಸ ಬೇಗ ಆಗುತ್ತೆ.

ತಳದ ಕಲ್ಲನ್ನೆಲ್ಲಾ ಗೋರಿ ತೆಗೆಯಲೇಬೇಕು ಅಂತಲೂ ಇಲ್ಲ. ನೀರು ಜೋರಾಗಿ ಹರಿಯುವ ಕಡೆ ತೆಳ್ಳಗೆ ಜಲ್ಲಿ ಇದ್ದರೆ ಮಣ್ಣು ಕೊಚ್ಚಿ ಹೋಗಲ್ಲ, ಅದನ್ನು ನಾನು ಹಾಗೇ ಬಿಡುತ್ತೇನೆ. ಮೋರಿ ಪೈಪಿನ ಬಾಯಿ ಹತ್ತಿರ ಮಾತ್ರ ಒಂದು ಹಿಡಿಯೂ ಉಳಿಸಬಾರದು, ಅಲ್ಲಿ ಕಟ್ಟಿಕೊಂಡರೆ ನೀರು ರಸ್ತೆ ಮೇಲೇ ಬರುತ್ತೆ. ಹುಲ್ಲಿನ ಮೇಲೆ ಉಳಿದ ಕಲ್ಲಿನ ಅಪಾಯ ಬೇರೆ. ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವಾಗ ಬ್ಲೇಡಿಗೆ ಒಂದು ಕಲ್ಲು ಸಿಕ್ಕಿದರೆ ಅದು ಎಲ್ಲಿಗೆ ಹಾರುತ್ತೋ ಹೇಳೋಕಾಗಲ್ಲ.

ಮೇಲೆ ತಂದ ಜಲ್ಲಿಯನ್ನು ಏನು ಮಾಡೋದು? ತುಂಬಾ ಜನ ರಸ್ತೆ ಅಂಚಿನಲ್ಲಿ ಉದ್ದಕ್ಕೂ ಸಾಲಾಗಿ ರಾಶಿ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಅದು ಸರಿಯಲ್ಲ. ಜಲ್ಲಿ ರಸ್ತೆಯನ್ನು ನಡುವೆ ಉಬ್ಬಿಸಿ, ಅಂಚಿನ ಕಡೆ ಮೀಟರ್‌ಗೆ ಸುಮಾರು 4 ಸೆಂಮೀ ಇಳಿಸಿರುತ್ತಾರೆ, ನೀರು ಚರಂಡಿಗೆ ಹೋಗಲಿ ಅಂತ. ಅಂಚಿನಲ್ಲಿ ನಾವೇ ಬದು ಕಟ್ಟಿದರೆ ನೀರು ರಸ್ತೆ ಮೇಲೆಯೇ ಹರಿದು ಕೊರಕಲು ಬೀಳುತ್ತೆ. ಅಂಚಿನಿಂದ ಸ್ವಲ್ಪ ಒಳಕ್ಕೆ ತೆಳ್ಳಗೆ ಹರಡಿ. ಸಾಧ್ಯವಾದರೆ ಗ್ರೇಡರ್ (ರಸ್ತೆ ಕೆರೆದು ಮಟ್ಟ ಮಾಡುವ ಗಾಡಿ) ಬರುವ ಮುಂಚೆ ಈ ಕೆಲಸ ಮುಗಿಸಿ, ಅವರು ಒಂದೇ ಸಲಕ್ಕೆ ಎಳೆದು ಮಟ್ಟ ಮಾಡುತ್ತಾರೆ. ರಸ್ತೆ ಅಂಚು ಹೆಚ್ಚಿನ ಕಡೆ ನಮ್ಮ ಸ್ವಂತದ್ದಾಗಿರಲ್ಲ, ಹಾಗಾಗಿ ರಸ್ತೆ ನೋಡಿಕೊಳ್ಳುವವರಿಗೆ ಒಂದು ಮಾತು ಹೇಳಿಬಿಡುವುದು ಒಳ್ಳೆಯದು.

ಸಮಯದ ವಿಷಯವನ್ನು ಅಂಗಡಿಯವರು ಯಾರೂ ಹೇಳಲ್ಲ, ನನ್ನ ಪ್ರಕಾರ ಮಷಿನ್‌ಗಿಂತ ಇದೇ ಮುಖ್ಯ. ಗಾಡಿ ತಳ್ಳಿದ ಹಿಮದ ರಾಶಿ ಕರಗುವಾಗ ಹತ್ತಿರ ಹೋಗಿ ನೋಡಿ. ಹಿಮ ಕೆಳಗೆ ಕುಸಿಯುತ್ತಾ ಹೋಗುತ್ತೆ, ಒಳಗಿದ್ದ ಜಲ್ಲಿಯೆಲ್ಲಾ ಮೇಲೆ ಕಪ್ಪು ಪದರವಾಗಿ ಉಳಿಯುತ್ತೆ. ಬೆಳಿಗ್ಗೆ ಅದು ಹೆಪ್ಪುಗಟ್ಟಿ ಗಟ್ಟಿಯಾಗಿರುತ್ತೆ, ಸಲಿಕೆ ಇಳಿಯಲ್ಲ. ಬಿಸಿಲು ಏರಿ ಮೇಲಿನ ಎರಡು ಬೆರಳಿನಷ್ಟು ಸಡಿಲವಾದಾಗ ಅಗಲ ಸಲಿಕೆಯಿಂದ ಕೆನೆ ತೆಗೆದ ಹಾಗೆ ತೆಗೆಯಬಹುದು. ಆಗ ಎಷ್ಟು ಎತ್ತುತ್ತೀರೋ ಅಷ್ಟು ಹುಲ್ಲಿನೊಳಗೆ ಇಳಿಯೋದು ತಪ್ಪಿತು. ಸ್ವೀಪರ್ ಸರದಿ ಆಮೇಲೆ, ನೆಲ ಒಣಗಿ, ಹೊಸ ಹುಲ್ಲು ಚಿಗುರುವ ಮುಂಚೆ. ತಡ ಮಾಡಿದರೆ ಹುಲ್ಲು ಕಲ್ಲಿನ ಸಂದಿಯಿಂದ ಮೇಲೆ ಬಂದು ಅದನ್ನು ಹಿಡಿದು ಕೂರುತ್ತೆ, ಆಗ ರಬ್ಬರ್ ಎಷ್ಟು ಒದ್ದರೂ ಅಷ್ಟೇ. ಒದ್ದೆ ಇದ್ದಾಗಲೂ ಹಾಕಬೇಡಿ. ರಸ್ತೆ ಜಲ್ಲಿಯಲ್ಲಿ ಕಲ್ಲು ಕಚ್ಚಿಕೊಳ್ಳಲಿ ಅಂತ ನುಣ್ಣನೆ ಮಣ್ಣು ಸೇರಿಸಿರುತ್ತಾರೆ, ಅದು ಪಟ್ಟಿಗಳಿಗೆ ಮೆತ್ತಿಕೊಂಡು ರೋಲರ್ ಮಣ್ಣಿನ ಮುದ್ದೆ ಆಗುತ್ತೆ. ತೀರಾ ಒಣಗಿದ್ದರೆ ಧೂಳು, ಅದೂ ಕಲ್ಲಿನ ಧೂಳು, ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಇಲ್ಲದೆ ಶುರು ಮಾಡಬೇಡಿ. ಮಳೆ ಬಂದು ಒಂದೆರಡು ದಿನ ಕಳೆದ ಮೇಲೆ ಮೇಲ್ಗಡೆ ಒಣಗಿ ಅಡಿಯಲ್ಲಿ ತುಸು ಪಸೆ ಇರುತ್ತಲ್ಲ, ಅದೇ ಸರಿಯಾದ ಹದ.

ಬಾಳಿಕೆ ಬಗ್ಗೆ ಹೇಳಬೇಕು. ಪಟ್ಟಿಗಳ ಅಂಚು ಮೊದಲ ವರ್ಷ ನೇರವಾಗಿತ್ತು, ಈಗ ಎರಡೂ ಮೂಲೆ ಸವೆದು ಗುಂಡಗಾಗಿವೆ. ಸದ್ಯಕ್ಕೆ ತೊಂದರೆ ಇಲ್ಲ, ಕೊನೆಗೆ ಬದಲಾಯಿಸಲೇಬೇಕು. ಉದ್ದನೆಯ ಒಣ ಹುಲ್ಲು ರೋಲರ್ ಅಚ್ಚಿಗೆ ಸುತ್ತಿಕೊಂಡು ಹಗ್ಗದಷ್ಟು ಬಿಗಿಯಾಗುತ್ತೆ. ಇಂಜಿನ್ ಪೂರ್ತಿ ನಿಲ್ಲಿಸಿ, ಚಾಕುವಿನಿಂದ ಸೀಳಿ ತೆಗೆಯಬೇಕು. ಬಿಟ್ಟರೆ ಗೇರ್ ಪೆಟ್ಟಿಗೆ ಬಿಸಿಯಾಗಿ ಗ್ರೀಸ್ ಕರಗಿ ಹೊರಗೆ ಬರುತ್ತೆ. ದೊಡ್ಡ ಕಲ್ಲೊಂದು ಪಟ್ಟಿಗೂ ಮೇಲಿನ ಮುಚ್ಚಳಕ್ಕೂ ನಡುವೆ ಸಿಕ್ಕಿಕೊಂಡರೆ ದಡ್ ಅಂತ ಸದ್ದು, ರೋಲರ್ ನಿಲ್ಲುತ್ತೆ, ಕ್ಲಚ್ ಜಾರಿ ಸುಟ್ಟ ವಾಸನೆ. ತಕ್ಷಣ ಆಕ್ಸಿಲರೇಟರ್‌ನಿಂದ ಕೈ ಬಿಡಿ.

ಇಂಜಿನ್ ವಿಷಯದಲ್ಲಿ ದೂರು ಇಲ್ಲ. 50ಕ್ಕೆ 1ರ ಮಿಶ್ರಣ, ಅಂದರೆ ಲೀಟರ್ ಪೆಟ್ರೋಲಿಗೆ 20 ಮಿಲಿ ಆಯಿಲ್. ವರ್ಷಕ್ಕೆ ಕೆಲವೇ ದಿನ ಬಳಸುವ ಸಾಮಾನು ಇದು, ಹಾಗಾಗಿ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನೇ ಆರುವವರೆಗೂ ಓಡಿಸಿ. ಹಳೇ ಪೆಟ್ರೋಲ್ ಕಾರ್ಬುರೇಟರ್‌ನಲ್ಲಿ ಅಂಟಾಗಿ ಕೂತರೆ ಮುಂದಿನ ವರ್ಷ ಸುಮ್ನೆ ಹಗ್ಗ ಎಳೆದು ಭುಜ ನೋವು.

ಸದ್ದು ಜಾಸ್ತಿ, ಕಿವಿ ಮುಚ್ಚಿಕೊಳ್ಳಬೇಕು. ನಡುಕಕ್ಕೆ ಬೆರಳು ಜುಮ್ ಅನ್ನುತ್ತೆ, ನಡುನಡುವೆ ಕೈಗೆ ಬಿಡುವು ಕೊಡಿ. ಕನ್ನಡಕ, ಗಟ್ಟಿ ಬೂಟು, ಹೊಳೆಯುವ ಜಾಕೆಟ್ ಇರಲೇಬೇಕು. ಗಾಡಿ ಬರುವುದು ಕಂಡರೆ ರೋಲರ್ ನಿಲ್ಲಿಸಿ, ಒಂದು ಕಲ್ಲು ಗಾಜಿಗೆ ಬಿದ್ದರೆ ಸಾಕು, ಅಲ್ವಾ.

ಇದರ ಬದಲು ಎಲೆ ಊದುವ ಬ್ಲೋವರ್ ಸಾಕಾಗಲ್ವಾ ಅಂತ ಕೇಳುವವರಿಗೆ, ಧೂಳು ಮತ್ತು ಕಡಲೆ ಕಾಳಿನಷ್ಟು ಕಲ್ಲು ಹೋಗುತ್ತೆ, ಅದಕ್ಕಿಂತ ದಪ್ಪದ್ದು ಅಲುಗಲ್ಲ. ಕೊನೆಯ ಕೈ ಆಡಿಸೋಕೆ ಪರವಾಗಿಲ್ಲ.

ಕೊಳ್ಳುವ ಮುಂಚೆ ಹಿಮ ತಳ್ಳುವ ಗಾಡಿಯವರ ಹತ್ತಿರ ಒಮ್ಮೆ ಮಾತಾಡಿ. ಅದರ ಬ್ಲೇಡಿಗೆ ಅಡಿಯಲ್ಲಿ ಲೋಹದ ಶೂ ಹಾಕಿ ನೆಲದಿಂದ ಒಂದಿಷ್ಟು ಮೇಲೆ ನಿಲ್ಲಿಸಬಹುದು. ನೆಲ ಇನ್ನೂ ಹೆಪ್ಪುಗಟ್ಟದ ಮೊದಲ ಹಿಮದಲ್ಲೇ ಜಲ್ಲಿ ಜಾಸ್ತಿ ಕಿತ್ತು ಬರೋದು, ಆಗಲಾದರೂ ಬ್ಲೇಡ್ ಎತ್ತಿದರೆ ಚರಂಡಿಗೆ ಬೀಳುವ ಕಲ್ಲು ಎದ್ದು ಕಾಣುವಷ್ಟು ಕಮ್ಮಿಯಾಗುತ್ತೆ. ಅದಾದ ಮೇಲೂ ಬೇಕು ಅನ್ನಿಸಿದರೆ ಮೊದಲು ಬಾಡಿಗೆಗೆ ತಂದು ನಿಮ್ಮ ಇಳಿಜಾರಲ್ಲೇ ಓಡಿಸಿ ನೋಡಿ. ಕಳೆ ಕತ್ತರಿಸೋಕೆ ಇದೇ ತರಹದ ಇಂಜಿನ್ ಈಗಾಗಲೇ ಇದ್ದರೆ ರೋಲರ್ ಒಂದೇ ಕೊಂಡರೆ ಆಯಿತು, ಕೊಳವೆಯ ಜೋಡಣೆ ಹೊಂದುತ್ತಾ ಅಂತ ಮಾತ್ರ ನೋಡಿಕೊಳ್ಳಿ. ಪಟ್ಟಿ ಬಿಗಿಯುವ ಬೋಲ್ಟ್‌ಗಳಿಗೆ ಹೊಸದರಲ್ಲೇ ಗ್ರೀಸ್ ಸವರಿ, ತುಕ್ಕು ಹಿಡಿದ ಮೇಲೆ ಅವು ಬಿಚ್ಚಲ್ಲ.