ಎಕ್ಸ್‌ಇ ಲರ್ನಿಂಗ್: ನಾಲ್ಕು ವರ್ಷ ಪಾಠ ಕಟ್ಟಿದ ಅನುಭವ

ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ನಾನು ನಾಲ್ಕು ವರ್ಷಗಳಿಂದ ಎಕ್ಸ್‌ಇ ಲರ್ನಿಂಗ್ ಎಂಬ ತಂತ್ರಾಂಶದಲ್ಲಿ, ಗಣಕದಲ್ಲೂ ಮೊಬೈಲಿನಲ್ಲೂ ತೆರೆದು ಓದಬಹುದಾದ ಪಾಠಗಳನ್ನು ಸಿದ್ಧಪಡಿಸುತ್ತಿದ್ದೇನೆ. ಇದು ಉಚಿತ; ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ತಂತ್ರಾಂಶಕ್ಕೆಂದು ಹಣ ತೆಗೆದಿಡಲಾಗದ ನಮ್ಮ ಶಾಲೆಗೆ ಅಷ್ಟೇ ಸಾಕಾಗಿತ್ತು.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಗಣಕಯಂತ್ರದ ಕೊಠಡಿಯಲ್ಲಿ ಕುಳಿತು ಒಂದು ಪಾಠವನ್ನು ತಿದ್ದುವುದು ನನ್ನ ವಾಡಿಕೆ. ಕೃಷ್ಣಾ ನದಿಯ ಪಾಠವನ್ನು ತೆರೆದು, ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುವ ಚಿತ್ರಕ್ಕೆ, ಕಣ್ಣು ಕಾಣದ ಮಕ್ಕಳಿಗೂ ಗಣಕ ಓದಿ ಹೇಳಬಲ್ಲಂತಹ ವಿವರಣೆ ಬರೆಯುತ್ತೇನೆ. ಆಮೇಲೆ, ಕಡತದ ಪರಿಚಯ ವಿವರಗಳನ್ನು ದಾಖಲಿಸುವ ಡಬ್ಲಿನ್ ಕೋರ್ ಎಂಬ ಮಾನಕದ 15 ಅಂಶಗಳ ಪೈಕಿ ಶೀರ್ಷಿಕೆ, ವಿಷಯ, ಭಾಷೆ, ಹಕ್ಕು ಈ ನಾಲ್ಕನ್ನಾದರೂ ತುಂಬದೆ ಏಳುವುದಿಲ್ಲ.

ನನ್ನ ಉತ್ಸಾಹಕ್ಕೆ ಪೆಟ್ಟು ಬಿದ್ದದ್ದು ಎರಡನೆಯ ವರ್ಷ. ಎಲ್ಲ ಗಣಕ, ಮೊಬೈಲುಗಳಿಗೂ ಸಮಾನವಾದ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗಿಂತ ಹಿಂದಿನ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದ ಹಳೆಯ ಪ್ರಶ್ನೆಗಳನ್ನು ಈ ಕೃಷ್ಣಾ ನದಿಯ ಪಾಠದೊಳಗೆ ಅಂಟಿಸಿದ್ದೆ. ಆ ಅಕ್ಷರಶೈಲಿ ಇದ್ದ ನಮ್ಮ ಗಣಕದಲ್ಲಿ ಎಲ್ಲವೂ ಸರಿಯಾಗಿ ಕಂಡಿತು. ಮಕ್ಕಳ ಮನೆಯ ಮೊಬೈಲಿನಲ್ಲಿ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳು ಬಂದವು. ತಂತ್ರಾಂಶ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ ಎಂಬ ಬೇಸರ ನನಗೆ ಇಂದಿಗೂ ಇದೆ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತುಗಳು ಸ್ಥಳ ತಪ್ಪಿದವು, ಒತ್ತಕ್ಷರಗಳು ಕಳಚಿದವು. ಕೊನೆಗೆ ದಸರಾ ರಜೆಯನ್ನೆಲ್ಲ ಕೊಟ್ಟು ಯೂನಿಕೋಡ್‌ನಲ್ಲಿ ಹೊಸದಾಗಿ ಬೆರಳಚ್ಚು ಮಾಡಿದೆ. ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡ್‌ನಲ್ಲಿದ್ದರೂ ನಮ್ಮ ಶಾಲೆಗಳ ಎಷ್ಟೋ ಒಳ್ಳೆಯ ಪ್ರಶ್ನೆಗಳು ಇನ್ನೂ ಆ ಹಳೆಯ ಕಡತಗಳಲ್ಲೇ ಸಿಕ್ಕಿಕೊಂಡಿವೆ ಎಂಬುದು ನನ್ನನ್ನು ಕಾಡುತ್ತದೆ.

ಆ ದುಡಿಮೆಯ ಫಲ ಕಳೆದ ವರ್ಷ ಕಂಡಿತು. ವಿಜಯಪುರ ಜಿಲ್ಲೆಯ ಶಿಕ್ಷಕಿಯೊಬ್ಬರು ಅದೇ ಪಾಠ ಕೇಳಿದಾಗ, ಕಲಿಕಾ ಜಾಲತಾಣಕ್ಕೆ ಏರಿಸಲು ಸಿದ್ಧವಾದ ಸ್ಕಾರ್ಮ್ 1.2 ಎಂಬ ಮಾದರಿಯ ಪೊಟ್ಟಣದ ಜೊತೆಗೆ, ಎಕ್ಸ್‌ಇಯಲ್ಲೇ ತೆರೆದು ತಿದ್ದಬಹುದಾದ ಮೂಲ ಇಎಲ್‌ಪಿ ಕಡತವನ್ನೂ ಕಳುಹಿಸಿದೆ. ಪೊಟ್ಟಣವೊಂದನ್ನೇ ಕೊಟ್ಟಿದ್ದರೆ ಅವರು ಪಾಠವನ್ನು ತೋರಿಸಬಹುದಿತ್ತು, ಇಷ್ಟು ಸಲೀಸಾಗಿ ತಿದ್ದಲಾಗುತ್ತಿರಲಿಲ್ಲ. ಅವರು ಮಲಪ್ರಭೆಯ ಪುಟವನ್ನು ತೆಗೆದು ಆಲಮಟ್ಟಿ ಅಣೆಕಟ್ಟಿನ ಪುಟವನ್ನು ಸೇರಿಸಿದರು. ‘ಡೋಣಿ ಹರಿದರೆ ಓಣೆಲ್ಲ ಕಾಳು’ ಎಂಬ ತಮ್ಮ ಕಡೆಯ ಮಾತನ್ನಿಟ್ಟುಕೊಂಡು, ಡೋಣಿ ನದಿಗೂ ಎರೆ ಭೂಮಿಗೂ ಇರುವ ನಂಟನ್ನು ಕೇಳುವ ಪ್ರಶ್ನೆಗಳನ್ನು ಬರೆದರು. ಮೂಲ ಲೇಖಕರನ್ನು ಹೆಸರಿಸಿ, ಅದೇ ಷರತ್ತಿನಲ್ಲಿ ತಿದ್ದಿ ಹಂಚಲು ಬಿಡುವ ಕ್ರಿಯೇಟಿವ್ ಕಾಮನ್ಸ್‌ನ ‘ಹೆಸರಿಸಿ, ಹಾಗೆಯೇ ಹಂಚಿ’ ಪರವಾನಗಿಯಂತೆ ನನ್ನ ಹೆಸರನ್ನು ಉಳಿಸಿ, ತಮ್ಮ ಹೆಸರು ಸೇರಿಸಿ, ಕಡತವನ್ನು ನನಗೆ ಮರಳಿ ಕಳುಹಿಸಿದರು. ಡೋಣಿಯ ಆ ಪುಟವನ್ನು ಈ ವರ್ಷ ನನ್ನ ಪಾಠಕ್ಕೂ ಸೇರಿಸಿಕೊಂಡಿದ್ದೇನೆ.